ಹೆಸರು ಹಾಕಬೇಡ ಅಂದ ಮೇಷ್ಟ್ರಿಗೆ

ನನ್ನ ಮೊದಲ ಕಥಾ ಸಂಕಲನ ಹೊರಬಂದು ಒಂದು ತಿಂಗಳಾಯ್ತು. ಓದಿದವರು, ಆಮೇಲೆ ಓದ್ತೀನಿ ಅಂತ ಕೊಂಡುಕೊಂಡವರು, ಫೋನ್ ಮಾಡಿ ಜಗಳ ತೆಗೆದವರು, ಎಲ್ಲರಿಗೂ ಥ್ಯಾಂಕ್ಸ್. ಕರಡು ತಿದ್ದಿದ ಗೆಳತಿಯರಿಗೆ, ಹೊಸಬಳ ಪುಸ್ತಕಕ್ಕೆ ದುಡ್ಡು ಹಾಕಿದ ಪ್ರಕಾಶಕರಿಗೆ, ನನ್ನ ಭಾನುವಾರಗಳನ್ನು ಸಹಿಸಿಕೊಂಡ ಮನೆಯವರಿಗೆ ಬಿಡುಗಡೆಯ ದಿನವೇ ಹೇಳಿದ್ದೇನೆ. ಒಬ್ಬರಿಗೆ ಹೇಳುವುದು ಬಾಕಿ ಇದೆ. ಹೈಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದ ಮೇಷ್ಟ್ರಿಗೆ.

ಪುಸ್ತಕವನ್ನು ಅವರಿಗೇ ಅರ್ಪಿಸಬೇಕು ಅಂತ ಆಸೆ ಇತ್ತು. ಕೇಳಿದ್ದಕ್ಕೆ, “ಕುವೆಂಪು ಅವರು ರಾಮಾಯಣ ದರ್ಶನಂ ಅನ್ನು ವೆಂಕಣ್ಣಯ್ಯನವರಿಗೆ ಅರ್ಪಿಸಿದ್ದು ಅವರು ತೀರಿಕೊಂಡ ಮೇಲೆ ಕಣಮ್ಮ. ನಾನಿನ್ನೂ ಗಟ್ಟಿಯಾಗಿದೀನಿ, ಸುಮ್ನಿರು” ಅಂದರು. ಮಾತು ತಮಾಷೆಯದಾದರೂ ಲೆಕ್ಕ ಸರಿ. ಕುವೆಂಪು ಅವರ ಗುರು ಟಿ.ಎಸ್. ವೆಂಕಣ್ಣಯ್ಯ ಹೋಗಿದ್ದು 1939ರಲ್ಲಿ. ಕಾವ್ಯ ಅಚ್ಚಾಗಿದ್ದು 1949ರಲ್ಲಿ. ಇಂಥ ಇಸವಿಗಳೆಲ್ಲ ಮೇಷ್ಟ್ರಿಗೆ ಬಾಯಿಪಾಠ. ಅರ್ಪಣೆ ಬೇಡ, ಎಲ್ಲೂ ಹೆಸರು ಹಾಕಬೇಡ ಅಂದರು. ಹೆಸರಿಲ್ಲದೆ ಥ್ಯಾಂಕ್ಸ್ ಹೇಳಬಾರದು ಅಂತೇನೂ ಅಂದಿಲ್ಲ, ಅಲ್ವಾ?

ನಮ್ಮದು ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳಿ. ತೆಂಗು ಬಿಟ್ಟರೆ ಬೇರೆ ಮಾತಿಲ್ಲದ ಊರು. ಎಂಟನೇ ಕ್ಲಾಸಿನಲ್ಲಿ ‘ಒಂದು ಸಂಜೆ’ ಅಂತ ಪ್ರಬಂಧ ಬರೆಯಲು ಹೇಳಿದ್ದರು. ಎಲ್ಲರ ಹಾಗೆ ನಾನೂ ಪಡುವಣ, ಹೊಂಬಣ್ಣ, ಗೂಡಿಗೆ ಮರಳುವ ಹಕ್ಕಿ ಎಲ್ಲ ಹಾಕಿ ಪುಟ ತುಂಬಿಸಿದ್ದೆ. ಪಕ್ಕದಲ್ಲಿ ಕೆಂಪು ಇಂಕಿನಲ್ಲಿ ಹೀಗೆ ಬರೆದುಕೊಟ್ಟರು: “ಸೂರ್ಯ ದಿನಾ ಮುಳುಗುತ್ತಾನೆ. ಅವತ್ತು ನಿಮ್ಮ ಮನೆಯಲ್ಲಿ ಏನಾಯಿತು?”

ಏನಾಗಿತ್ತು? ಅಟ್ಟದಿಂದ ಕಾಯಿ ಇಳಿಸಿದ್ದರು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ಕಡೆ ಉಂಡೆ ಕೊಬ್ಬರಿ ಆಗುವುದು ಬಿಸಿಲಲ್ಲಿ ಒಣಗಿಸಿ ಅಲ್ಲ. ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿದರೆ ಹತ್ತು ಹನ್ನೆರಡು ತಿಂಗಳು ಅದನ್ನು ಮುಟ್ಟುವ ಹಾಗಿಲ್ಲ. ಒಳಗಿನ ನೀರು ತಾನಾಗಿ ಇಂಗಬೇಕು. ತಿರುಳು ಚಿಪ್ಪು ಬಿಡಬೇಕು. ಆಮೇಲೆ ಕಾಯಿ ಅಲ್ಲಾಡಿಸಿದರೆ ಒಳಗೆ ಗಿಟಕು ಗುಡುಗುಡು ಅನ್ನುತ್ತದೆ. ಅದಾದ ಮೇಲೆ ತಿಪಟೂರು ಪೇಟೆಯಲ್ಲಿ ರೇಟು ಏರಲಿ ಅಂತ ಇನ್ನಷ್ಟು ದಿನ ಕಾಯುವುದು.

ಇದನ್ನು ಬರೆದುಕೊಂಡು ಹೋದೆ. ಶಭಾಷ್ ಅಂತಾರೆ ಅಂದುಕೊಂಡಿದ್ದೆ. ಪುಟದ ಅಂಚಿನ ತುಂಬ ಬರೀ ಪ್ರಶ್ನೆ. ಅಟ್ಟದ ಕೆಳಗೆ ಒಲೆ ಇದೆಯಾ? ಅಷ್ಟು ಕಾಯಿಯ ಕೆಳಗೆ ಮಲಗುವವರು ಯಾರು? ಅಪ್ಪ ಕಾಯಿ ಅಲ್ಲಾಡಿಸುವಾಗ ಅಮ್ಮ ಏನು ಮಾಡುತ್ತಿದ್ದರು?

ಕೊನೆಯ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮನೆಗೆ ಹೋಗಿ ಅಮ್ಮನನ್ನೇ ಕೇಳಿದೆ. “ಧಾರಣೆ ಕೇಳ್ತಿದ್ದೆ ಕಣೆ” ಅಂದಳು. ಅಡುಗೆಮನೆ ರೇಡಿಯೋದಲ್ಲಿ ದಿನಾ ಪೇಟೆ ಧಾರಣೆ ಕೇಳಿ ನೆನಪಿಟ್ಟುಕೊಳ್ಳುತ್ತಿದ್ದವಳು ಅವಳು. ಯಾವ ವಾರ ಏರುತ್ತೆ, ಯಾವಾಗ ಇಳಿಯುತ್ತೆ ಅನ್ನುವ ಅಂದಾಜೂ ಅವಳದೇ. ಇಳಿಸೋಣ ಅನ್ನುವ ಮಾತು ಮಾತ್ರ ಅಪ್ಪನ ಬಾಯಿಂದ ಬರಬೇಕು. ಈಗ ಪುಸ್ತಕದ ಮೊದಲ ಕಥೆ ಓದಿದವರಿಗೆ ಇದು ಎಲ್ಲಿಂದ ಬಂತು ಅಂತ ಗೊತ್ತಾಗಿರುತ್ತದೆ. ಮೇಷ್ಟ್ರು ಆ ಪ್ರಶ್ನೆ ಬರೆಯದೇ ಇದ್ದಿದ್ದರೆ ಅಮ್ಮ ನನ್ನ ಬರವಣಿಗೆಯಲ್ಲಿ ಬಹುಶಃ ರೊಟ್ಟಿ ತಟ್ಟಿಕೊಂಡೇ ಇರುತ್ತಿದ್ದಳು.

ಅವರು ನನ್ನ ಒಂದು ವಾಕ್ಯವನ್ನೂ ತಾವೇ ಬರೆದುಕೊಡಲಿಲ್ಲ. ಇದು ಎಷ್ಟು ಕಷ್ಟದ ಸಂಯಮ ಅಂತ ಈಗ ಬೇರೆಯವರ ಬರಹ ನೋಡುವಾಗ ತಿಳಿಯುತ್ತಿದೆ. ನನಗಂತೂ ಕೈ ತಡೆಯುವುದಿಲ್ಲ. ಅವರು ಹೊಡೆದುಹಾಕೋರು, ಕೇಳೋರು, ಅಷ್ಟೇ. ಒಮ್ಮೆ ನನ್ನ ‘ರಮಣೀಯ’ಗಳನ್ನೆಲ್ಲ ಹೊಡೆದುಹಾಕಿದ್ದಕ್ಕೆ ಮುಖ ಊದಿಸಿಕೊಂಡು ಕೂತಿದ್ದೆ. ಆಗ ಹರಿಹರ, ರಾಘವಾಂಕರ ಕಥೆ ಹೇಳಿದರು. ಶಿವನನ್ನು ಬಿಟ್ಟು ಹರಿಶ್ಚಂದ್ರನೆಂಬ ಮನುಷ್ಯನ ಮೇಲೆ ಕಾವ್ಯ ಬರೆದ ಅಂತ ಸೋದರಮಾವನೂ ಗುರುವೂ ಆದ ಹರಿಹರ ಸಿಟ್ಟಿಗೆದ್ದು ರಾಘವಾಂಕನ ಹಲ್ಲು ಉದುರಿಸಿದನಂತೆ. “ನಮ್ಮ ಹಳೇಬೀಡಲ್ಲಿ ಲೆಕ್ಕ ಬರೀತಿದ್ದೋನು ಅಂತಾರೆ ಹರಿಹರ. ಅಷ್ಟು ದೊಡ್ಡೋನೇ ಹಲ್ಲು ಉದುರಿಸಿದ. ನಾನು ಬರೀ ವಿಶೇಷಣ ಉದುರಿಸಿದೀನಿ, ನಗು” ಅಂದರು. ಕ್ಲಾಸೆಲ್ಲ ನಕ್ಕಿತು. ಈ ಕಥೆಯಲ್ಲಿ ಗೆದ್ದವನು ಶಿಷ್ಯ ಅನ್ನುವುದನ್ನೂ ಸೇರಿಸಿದರು. ಹರಿಶ್ಚಂದ್ರ ಕಾವ್ಯವನ್ನು ಜನ ಇವತ್ತಿಗೂ ಓದುತ್ತಾರಲ್ಲ!

ಮಯೂರ, ತುಷಾರ, ಕಸ್ತೂರಿ ಎಲ್ಲ ಅವರ ಸ್ವಂತ ದುಡ್ಡಿನಲ್ಲೇ ಸ್ಟಾಫ್ ರೂಮಿಗೆ ಬರುತ್ತಿದ್ದವು. ಮನೆಗೆ ಒಯ್ಯಬಹುದಿತ್ತು. ವಾಪಸ್ ಕೊಡುವಾಗ ‘ಚೆನ್ನಾಗಿದೆ ಸಾರ್’ ಅಂದರೆ ನಡೆಯುತ್ತಿರಲಿಲ್ಲ. ಯಾವ ಸಾಲಿನಲ್ಲಿ ಈ ಮನುಷ್ಯ ನಿಜವಾಗಿ ಇದ್ದಾನೆ ಅನ್ನಿಸ್ತು, ಬೆರಳಿಟ್ಟು ತೋರಿಸು ಅನ್ನೋರು. ಕಥೆ ಓದುವುದನ್ನು ನಾನು ಕಲಿತಿದ್ದು ಹಾಗೆ.

ಆಮೇಲಿನದು ಎಲ್ಲರ ಕಥೆಯೇ. ಬಿ.ಕಾಂ., ಬೆಂಗಳೂರು, ಕೆಲಸ, ಮದುವೆ, ಮಗು. ಕಳಿಸಿದ ಕಥೆಗಳು ವಾಪಸ್ ಬಂದವು. ಬರೆಯುವುದು ನಿಂತೇಹೋಯ್ತು. ಆ ದಿನಗಳಲ್ಲಿ ಮೇಷ್ಟ್ರಿಂದ ಐವತ್ತು ಪೈಸೆಯ ಪೋಸ್ಟ್ ಕಾರ್ಡುಗಳು ಬರುತ್ತಿದ್ದವು. ಮೊಬೈಲ್ ನಂಬರು ಇದ್ದರೂ ಕಾರ್ಡೇ. ಊರಿನ ಮಳೆ, ಯಾರ ಮನೆಯ ಮದುವೆ, ಕೊನೆಗೆ ಒಂದು ಪ್ರಶ್ನೆ. “ನಿನ್ನ ಆಫೀಸಿನಲ್ಲಿ ಮಧ್ಯಾಹ್ನ ಒಬ್ಬರೇ ಊಟ ಮಾಡುವವರು ಯಾರಾದರೂ ಇದ್ದಾರಾ?” ಬರಿ ಅಂತ ಒಂದು ಕಾರ್ಡಿನಲ್ಲೂ ಇರುತ್ತಿರಲಿಲ್ಲ. ಕಥೆಗಳು ವಾಪಸ್ ಬಂದವು ಅಂತ ನಾನೇ ಒಮ್ಮೆ ಗೋಳು ತೋಡಿಕೊಂಡಾಗ ಮಾತ್ರ, “ಅಟ್ಟಕ್ಕೆ ಹಾಕು. ಸದ್ದು ಬಂದಾಗ ಇಳಿಸಿದರಾಯ್ತು” ಅಂತ ಉತ್ತರ ಬಂತು. ಒಬ್ಬರೇ ಊಟ ಮಾಡುವವರು ಇದ್ದರು. ಅವರ ಕಥೆ ಪುಸ್ತಕದಲ್ಲಿ ನಾಲ್ಕನೆಯದು.

ಮೇಷ್ಟ್ರೇ, ನಿಮ್ಮ ಕಾಗದ ತಲುಪಿದೆ. ಒಂದು ಸಂಕಲನಕ್ಕೆ ಇಷ್ಟೊಂದು ತಕರಾರು ಜಾಸ್ತಿಯಾಯ್ತು! ಮೊದಲ ಕಥೆ ನಡೆಯುವ ವರ್ಷ ಕೊಬ್ಬರಿಗೆ ಅಷ್ಟು ರೇಟಿರಲಿಲ್ಲ ಅಂದಿದ್ದೀರಿ. ಅಮ್ಮನನ್ನು ಕೇಳಿದೆ, ಇತ್ತು ಅಂದಳು. ಅದನ್ನು ನೀವಿಬ್ಬರೇ ಬಗೆಹರಿಸಿಕೊಳ್ಳಿ. ಮೂರನೇ ಕಥೆಯ ಕಣ್ಣೀರು ಕಡಿಮೆ ಮಾಡು ಅಂದಿದ್ದಕ್ಕೆ ಒಪ್ಪಿದ್ದೇನೆ, ಮರುಮುದ್ರಣ ಆದರೆ ತಿದ್ದುತ್ತೇನೆ. ಕೊನೆ ಕಥೆಯ ಕೊನೆ ಪ್ಯಾರಾ ಮಾತ್ರ ತೆಗೆಯುವುದಿಲ್ಲ. ಮುಂದಿನ ವಾರ ಊರಿಗೆ ಬರುತ್ತಿದ್ದೇನೆ, ಅದರ ಬಗ್ಗೆ ಜಗಳ ಆಡೋಣ.