ಮತ್ತಿಕೆರೆ ವಠಾರದ ಲೆಕ್ಕ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ಆರು ಮನೆಗೆ ಒಂದೇ ನಲ್ಲಿ, ಇಡೀ ಬೀದಿಗೆ ಒಂದೇ ಫೋನು ಅಂದರೆ ನಿನ್ನ ಮಗಳು ನಂಬಲಿಲ್ಲ ಅಂದೆಯಲ್ಲ. ನನ್ನ ಮಗನೂ ನಂಬುವುದಿಲ್ಲ ಬಿಡು. ಕಥೆ ಕಟ್ಟಬೇಡಪ್ಪ ಅಂತಾನೆ. ಅದಕ್ಕೇ ಮೊನ್ನೆ ಫೋನಿನಲ್ಲಿ ಅರ್ಧಂಬರ್ಧ ಮಾತಾಡಿದ್ದನ್ನು ಈಗ ಕೂತು ಬರೆಯುತ್ತಿದ್ದೇನೆ. ಎಲ್ಲರೂ ಓದುವ ಹಾಗೆಯೇ ಹಾಕುತ್ತೇನೆ. ನಮ್ಮ ಬೀದಿಯವರು ಯಾರಾದರೂ ನೋಡಿದರೆ ಬೈಯಲಿ, ಪರವಾಗಿಲ್ಲ.

ಮತ್ತಿಕೆರೆ ಆಗ ಊರಾಚೆ. ಯಶವಂತಪುರ ದಾಟಿದರೆ ಬೆಂಗಳೂರು ಮುಗಿಯಿತು ಅನ್ನುತ್ತಿದ್ದರು ಮಲ್ಲೇಶ್ವರದ ನಮ್ಮ ನೆಂಟರು. ನಮಗೆ ಮಲ್ಲೇಶ್ವರವೇ ದೂರ, ಜಾಲಹಳ್ಳಿ ಹತ್ತಿರ. 1953ರಲ್ಲಿ ಎಚ್‌ಎಂಟಿ, ಮರುವರ್ಷ ಬಿಇಎಲ್ ಬಂದ ಮೇಲೆ ಈ ಕಡೆಯೆಲ್ಲ ಫ್ಯಾಕ್ಟರಿ ಜನ. ಕ್ವಾರ್ಟರ್ಸ್ ಸಿಕ್ಕವರು ಕಾಲೊನಿಯಲ್ಲಿ ಇದ್ದರು, ಸಿಗದವರು ವಠಾರಗಳಲ್ಲಿ. ನಮ್ಮಪ್ಪ, ನಿಮ್ಮಪ್ಪ ಇಬ್ಬರೂ ಸಿಗದವರು. ಕನ್ನಡ, ತಮಿಳು, ತೆಲುಗು, ಮಲಯಾಳಂ ಎಲ್ಲ ಒಂದೇ ಗೋಡೆಯ ಆಚೀಚೆ. ಜಗಳ ಮಾತ್ರ ಎಲ್ಲರದ್ದೂ ಕನ್ನಡದಲ್ಲೇ.

ಜಗಳ ಜಾಸ್ತಿ ಆಗುತ್ತಿದ್ದದ್ದು ನಲ್ಲಿ ಹತ್ತಿರ. ಕಾವೇರಿ ನೀರು 1974ರಲ್ಲೇ ಬೆಂಗಳೂರಿಗೆ ಬಂದಿತ್ತು. ನಮ್ಮ ವಠಾರದ ನಲ್ಲಿಗೆ ಅದು ಗೊತ್ತೇ ಇರಲಿಲ್ಲ! ನೀರು ಬರುತ್ತಿದ್ದದ್ದು ನಡುರಾತ್ರಿ, ಬೆರಳು ಗಾತ್ರ. ಸಂಜೆಯೇ ಕೊಡಗಳನ್ನು ಸಾಲಾಗಿ ಇಡುತ್ತಿದ್ದರು. ಯಾರ ಕೊಡ ಯಾರು ಹಿಂದೆ ತಳ್ಳಿದರು ಅನ್ನುವುದರ ಮೇಲೆ ಎರಡು ಮನೆಯವರು ತಿಂಗಳುಗಟ್ಟಲೆ ಮಾತು ಬಿಟ್ಟಿದ್ದೂ ಉಂಟು. ಮಡಿ ಮಾಡುವ ಮೂಲೆಮನೆ ಅಜ್ಜಿಯದು ಬೇರೆಯೇ ಕಾನೂನು. ಅವರಿಗಿಂತ ಮುಂಚೆ ಬೇರೆ ಜಾತಿಯವರು ನಲ್ಲಿ ಮುಟ್ಟಿದರೆ ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದೇ ನೀರು ಹಿಡಿಯುತ್ತಿದ್ದರು. ನಿಮ್ಮಮ್ಮ ಅದನ್ನು ನೋಡಿಯೂ ನೋಡದವರಂತೆ ನಿಂತಿರುತ್ತಿದ್ದದ್ದು ನನಗೆ ಈಗ ಅರ್ಥವಾಗುತ್ತದೆ. ಆಗೆಲ್ಲ ಎಷ್ಟು ಚೆನ್ನಾಗಿತ್ತು ಅಂತ ಯಾರಾದರೂ ಶುರು ಮಾಡಿದರೆ ನನಗೆ ಆ ಹುಣಸೆಹಣ್ಣೇ ನೆನಪಾಗೋದು.

ಹೊಟ್ಟಿನ ಒಲೆ ನೆನಪಿದೆಯಾ? ಅದು ನಮ್ಮಿಬ್ಬರ ಭಾನುವಾರದ ಡ್ಯೂಟಿ. ಸಾಮಿಲ್‌ನಿಂದ ಗೋಣಿಚೀಲದಲ್ಲಿ ಮರದ ಹೊಟ್ಟು ತರಬೇಕು. ತಗಡಿನ ಡಬ್ಬದ ನಡುವೆ ಒಂದು ದಪ್ಪ ಕೋಲು ನಿಲ್ಲಿಸಿ, ಕೆಳಗಿನ ತೂತಿನಿಂದ ಇನ್ನೊಂದು ಕೋಲು ತೂರಿಸಿ, ಸುತ್ತ ಹೊಟ್ಟು ಸುರಿದು ಗಟ್ಟಿಯಾಗಿ ಅದುಮಬೇಕು. ಆಮೇಲೆ ಎರಡೂ ಕೋಲನ್ನು ತಿರುಗಿಸುತ್ತಾ ಮೆಲ್ಲಗೆ ಎಳೆಯಬೇಕು. ನೀನು ಯಾವಾಗಲೂ ಅವಸರ. ಕೋಲು ಕಿತ್ತ ತಕ್ಷಣ ಹೊಟ್ಟು ಕುಸಿದು ಮತ್ತೆ ಮೊದಲಿಂದ. ಸರಿಯಾಗಿ ತುಂಬಿದರೆ ಒಂದು ಒಲೆಗೆ ಎರಡು ಮನೆಯ ಹಂಡೆ ಕಾಯುತ್ತಿತ್ತು. ಮೊದಲ ಹಂಡೆ ಯಾರದ್ದು ಅನ್ನುವುದಕ್ಕೂ ವಾರದ ಪಾಳಿ.

ಎಲ್ಲದಕ್ಕೂ ಲೆಕ್ಕ ಇತ್ತು ಕಣೋ. ನಾನು ಮುಖ್ಯವಾಗಿ ಹೇಳಬೇಕು ಅಂದುಕೊಂಡದ್ದು ಇದನ್ನೇ. ನಾವು ಹಂಚಿಕೊಂಡು ಬದುಕಿದ್ದು ಒಳ್ಳೆಯವರಾಗಿದ್ದೆವು ಅಂತಲ್ಲ, ಬೇರೆ ದಾರಿ ಇರಲಿಲ್ಲ ಅಂತ. ಅಮ್ಮ ಸಕ್ಕರೆ ಕಡ ಕೊಟ್ಟರೆ ಕ್ಯಾಲೆಂಡರಿನಲ್ಲಿ ಗೀಟು ಹಾಕುತ್ತಿದ್ದಳು. ವಾಪಸ್ ಬರುವಾಗ ಅದೇ ಲೋಟದಲ್ಲಿ ಬರಬೇಕು, ತಲೆ ಕಟ್ಟಿರಬೇಕು. ಒಂದು ಬೆರಳು ಕಡಿಮೆ ಇದ್ದರೆ ಏನೂ ಅನ್ನುತ್ತಿರಲಿಲ್ಲ. ಮುಂದಿನ ಸಲ ಇವಳೂ ಒಂದು ಬೆರಳು ಕಡಿಮೆ ಕೊಡುತ್ತಿದ್ದಳು, ಅಷ್ಟೇ.

ಆದರೆ ಫೋನ್ ಮನೆ ಆಂಟಿಯ ಹತ್ತಿರ ಮಾತ್ರ ಯಾವ ಲೆಕ್ಕವೂ ನಡೆಯುತ್ತಿರಲಿಲ್ಲ. ಆಗ ಅರ್ಜಿ ಹಾಕಿ ವರ್ಷಗಟ್ಟಲೆ ಕಾದರೂ ಫೋನ್ ಸಿಗುತ್ತಿರಲಿಲ್ಲ. ಹಾಗಾಗಿ ಬೀದಿಯವರೆಲ್ಲರ ಮದುವೆ ಕಾರ್ಡಿನಲ್ಲೂ ಅವರದೇ ನಂಬರು, ಪಕ್ಕದಲ್ಲಿ ಪಿ.ಪಿ. ಅಂತ, ಅಂದರೆ ಫೋನು ಬೇರೆಯವರದು, ಅವರಿಗೆ ಹೇಳಿ ಕರೆಸಬೇಕು ಅಂತ. ಐದು ನಿಮಿಷ ಬಿಟ್ಟು ಮಾಡಿ, ಕರೆಸ್ತೀನಿ ಅನ್ನುವರು. ಓಡಿಬಂದು ಕೂಗುವುದು ಅವರ ಕಿರಿಮಗಳು.

ನಮ್ಮ ತಾತ ತೀರಿಕೊಂಡ ದಿನ ಮಗಳು ಬರಲಿಲ್ಲ, ಆಂಟಿಯೇ ಬಂದರು. ಅಪ್ಪ ಸೆಕೆಂಡ್ ಶಿಫ್ಟ್ ಮುಗಿಸಿ ಬಂದು ಆಗಷ್ಟೇ ತಟ್ಟೆ ಮುಂದೆ ಕೂತಿದ್ದರು. ಅಷ್ಟು ರಾತ್ರಿಯಲ್ಲಿ ಯಾಕೆ ಬಂದಿರಿ ಅಂತ ಅಮ್ಮ ಕೇಳಿದಳು. ಹಾಲಿಗೆ ಒಂದು ಚೂರು ಹೆಪ್ಪು ಬೇಕಿತ್ತು ಅಂದರು. ಅಪ್ಪ ಊಟ ಮುಗಿಸಿ ಕೈ ತೊಳೆಯುವವರೆಗೂ ಹೆಪ್ಪಿನ ಲೋಟ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದು, ಆಮೇಲೆ ವಿಷಯ ಹೇಳಿದರು. ಊರಿಗೆ ಹೋದರೆ ಎಲ್ಲ ಮುಗಿಯುವವರೆಗೆ ಅಪ್ಪನ ಹೊಟ್ಟೆಗೆ ಏನೂ ಬೀಳುವುದಿಲ್ಲ ಅಂತ ಅವರಿಗೆ ಗೊತ್ತಿತ್ತು.

ಶೆಟ್ಟರ ಅಂಗಡಿ ವಿಷಯಕ್ಕೆ ಬರುತ್ತೇನೆ. 1980ರ ಡಿಸೆಂಬರ್ ಕೊನೆಯಲ್ಲಿ ದೊಡ್ಡ ಸ್ಟ್ರೈಕ್ ಶುರುವಾಯಿತಲ್ಲ, ಎಚ್‌ಎಎಲ್, ಎಚ್‌ಎಂಟಿ, ಬಿಇಎಲ್, ಐಟಿಐ, ಬಿಇಎಂಎಲ್, ಈ ಸರ್ಕಾರಿ ಫ್ಯಾಕ್ಟರಿಗಳೆಲ್ಲ ಒಟ್ಟಿಗೆ. ಇನ್ನೊಂದು ಸರ್ಕಾರಿ ಕಂಪನಿ ಬಿಎಚ್‌ಇಎಲ್‌ನವರಿಗೆ ಸಿಗುವ ಸಂಬಳ ನಮಗೂ ಬೇಕು ಅಂತ. 77 ದಿನ ನಡೆಯಿತು. ನಮಗೆ ಮೊದಲ ವಾರ ಹಬ್ಬ. ಅಪ್ಪಂದಿರು ಹಗಲೆಲ್ಲ ಮನೆಯಲ್ಲೇ, ಬೀದಿಯಲ್ಲಿ ನಮ್ಮ ಜೊತೆ ಲಗೋರಿ ಆಡಿದರು. ಜನವರಿ ಸಂಬಳ ಬರಲಿಲ್ಲ ಅಂದಾಗ ಆಟ ನಿಂತಿತು. ಅಮ್ಮನ ಬಳೆ ಗಿರವಿ ಅಂಗಡಿಗೆ ಹೋಯಿತು. ನಿಮ್ಮ ಮನೆಯ ಹೊಲಿಗೆ ಮೆಷಿನ್ ಕೂಡ ಹೋಯಿತು, ಅಲ್ವಾ?

ಶೆಟ್ಟರು ಅಂಗಡಿ ಬಾಗಿಲು ಹಾಕಲಿಲ್ಲ, ಸಾಲ ಇಲ್ಲ ಅಂತಲೂ ಅನ್ನಲಿಲ್ಲ. ಆದರೆ ಚೀಟಿ ಓದಿ ಅವರೇ ತಿದ್ದುತ್ತಿದ್ದರು. ಅಕ್ಕಿ, ಬೇಳೆ, ಸೀಮೆಎಣ್ಣೆ ಬರೆದಷ್ಟೂ ಕೊಡುವರು. ಕಾಫಿಪುಡಿ ಅರ್ಧಕ್ಕೆ ಇಳಿಸುವರು. ಬಿಸ್ಕತ್ತಿನ ಮೇಲೆ ಪೆನ್ಸಿಲ್‌ನಿಂದ ಅಡ್ಡಗೆರೆ. ಆ ಗೆರೆ ನೋಡಿ ನಾನು ಅಂಗಡಿ ಮುಂದೆಯೇ ಅತ್ತಿದ್ದೆ, ನೀನು ನಕ್ಕಿದ್ದೆ. ಶೆಟ್ಟರು ದೇವರೇನಲ್ಲ. ಸಾಲದ ಗಿರಾಕಿಗಳಿಗೆ ಅವರ ರೇಟು ಯಾವಾಗಲೂ ನಾಲ್ಕಾಣೆ ಜಾಸ್ತಿ. ಆದರೂ ಮಾರ್ಚ್‌ವರೆಗೆ ಆ ಬೀದಿಯಲ್ಲಿ ಒಲೆ ಹತ್ತಿದ್ದು ಅವರ ಕೆಂಪು ರಟ್ಟಿನ ಪುಸ್ತಕದಿಂದ. ಬಾಕಿ ತೀರಿಸದೆ ರಾತ್ರೋರಾತ್ರಿ ಮನೆ ಖಾಲಿ ಮಾಡಿದವರೂ ಇದ್ದರು. ಅವರು ಯಾರು ಅಂತ ನಿನಗೂ ಗೊತ್ತು, ಬೇಡ ಬಿಡು. ಸ್ಟ್ರೈಕಿನಲ್ಲಿ ಕೇಳಿದ್ದು ಸಿಗಲಿಲ್ಲ ಅಂತ ಅಪ್ಪ ಕೊನೆಯವರೆಗೂ ಹೇಳುತ್ತಿದ್ದರು.

ಈಗ ವಠಾರದ ಜಾಗದಲ್ಲಿ ನಾಲ್ಕು ಮಹಡಿಯ ಪಿಜಿ ಎದ್ದಿದೆ. ಎಲ್ಲ ಇಂಜಿನಿಯರಿಂಗ್ ಹುಡುಗರು. ಒಂದೊಂದು ರೂಮಿಗೂ ಒಂದು ಬಚ್ಚಲು ಅಂತ ವಾಚ್‌ಮನ್ ಹೆಮ್ಮೆಯಿಂದ ತೋರಿಸಿದ. ನನಗೂ ಖುಷಿಯೇ ಆಯಿತು. ಆ ಮಕ್ಕಳು ನಡುರಾತ್ರಿ ಕೊಡ ಹಿಡಿದು ಎದ್ದು ಕೂರಬೇಕಾಗಿಲ್ಲ.

ಒಂದು ಕೆಲಸ ಮಾಡು. ಶೆಟ್ಟರ ಬಾಕಿ ಗಣೇಶನ ಹಬ್ಬಕ್ಕೆಲ್ಲ ತೀರಿತ್ತು ಅಂತಾಳೆ ನಮ್ಮಮ್ಮ. ದೀಪಾವಳಿ ದಾಟಿತ್ತು ಅಂತಿದ್ದರು ಅಪ್ಪ. ನಿಮ್ಮಮ್ಮನಿಗೆ ಇಂಥದ್ದೆಲ್ಲ ಚೆನ್ನಾಗಿ ನೆನಪಿರುತ್ತೆ, ಕೇಳಿ ಬರಿ. ಹಾಗೇ ನಿನ್ನ ತಂಗಿಯ ನಾಮಕರಣದ ಫೋಟೋ ಇದ್ದರೆ ಕಳಿಸು. ಅದರಲ್ಲಿ ಹಿಂದೆ ನಲ್ಲಿ ಕಾಣುತ್ತೆ. ನನ್ನ ಮಗನಿಗೆ ತೋರಿಸಬೇಕು.

ಇಂತಿ ನಿನ್ನ,
ಎರಡನೇ ಮನೆಯವನು