ಮಾಡ್ಯೂಲ್ ಬದಲಿಸುವ ಮುನ್ನ

ಚಿರಂಜೀವಿ ಪುಟ್ಟನಿಗೆ,

ದೊಡ್ಡಪ್ಪನ ಆಶೀರ್ವಾದಗಳು. ನೀನು ಬರೆದದ್ದನ್ನು ಎರಡು ಸಲ ಓದಿದೆ. ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುವ ಗಾಡಿ, ಓಡಿ ಬಿಸಿಯಾದ ಮೇಲೆ ಏರಿನಲ್ಲಿ ಪಿಕಪ್ ಕಳೆದುಕೊಂಡು ನಿಂತುಬಿಡುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಕೀ ತಿರುಗಿಸಿದರೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಹೊರಡುತ್ತದೆ. ಸ್ಕ್ಯಾನರ್ ಹಾಕಿದರೆ ಪಿ0627 ಎಂಬ ದೋಷದ ಕೋಡ್. ಅಲ್ಲಿಗೆ ನೀನು ಫ್ಯೂಯೆಲ್ ಪಂಪ್ ಕಂಟ್ರೋಲ್ ಮಾಡ್ಯೂಲ್ (ಇಂಧನ ಪಂಪಿನ ಜೋರನ್ನು ಹತೋಟಿಯಲ್ಲಿಡುವ ಡಬ್ಬಿ) ಹೋಗಿದೆ ಎಂದು ತೀರ್ಮಾನ ಮಾಡಿ ಹೊಸದನ್ನು ತರಿಸಲು ಹೊರಟಿದ್ದೀಯ. ಸ್ವಲ್ಪ ತಡಿ. ನಿನ್ನ ಊಹೆ ಸರಿಯೇ ಇರಬಹುದು, ಲಕ್ಷಣಗಳೂ ಆ ಕಡೆಗೇ ಕೈ ತೋರಿಸುತ್ತಿವೆ. ಆದರೆ ಸದ್ಯಕ್ಕೆ ನಿನ್ನ ಹತ್ತಿರ ಇರುವುದು ಅನುಮಾನ ಮಾತ್ರ, ಅಳತೆ ಒಂದೂ ಇಲ್ಲ.

ಪಿ0627 ಹೇಳುವುದು ಇಷ್ಟೇ: ಪಂಪಿನ ಕಂಟ್ರೋಲ್ ಸರ್ಕ್ಯೂಟಿನಲ್ಲಿ ಏನೋ ಸರಿಯಿಲ್ಲ. ಸರ್ಕ್ಯೂಟ್ ಅಂದಮೇಲೆ ವೈರು, ಕಪ್ಲರ್ (ವೈರುಗಳನ್ನು ಸೇರಿಸುವ ಪ್ಲಗ್ಗು), ಮಾಡ್ಯೂಲ್, ಇಸಿಯು (ಎಂಜಿನ್ನಿನ ಕಂಪ್ಯೂಟರು) ಎಲ್ಲವೂ ಸೇರಿತು. ಯು0109 ಬಂದಿದ್ದರೆ ಮಾಡ್ಯೂಲ್ ಜೊತೆ ಇಸಿಯುಗೆ ಮಾತುಕತೆ ನಿಂತಿದೆ ಎಂದರ್ಥ; ಅದಕ್ಕೆ ಸತ್ತ ಮಾಡ್ಯೂಲೂ ಕಾರಣವಾಗಬಹುದು, ಹಾರಿದ ಫ್ಯೂಸೂ ಕಾರಣವಾಗಬಹುದು. ಪಿ0087 ಬಂದರೆ ಫ್ಯೂಯೆಲ್ ರೈಲಿನಲ್ಲಿ, ಅಂದರೆ ಇಂಜೆಕ್ಟರುಗಳಿಗೆ ಇಂಧನ ಹಂಚುವ ಪೈಪಿನಲ್ಲಿ, ಪ್ರೆಶರ್ ಕಡಿಮೆ, ಅದು ಕಟ್ಟಿಕೊಂಡ ಫಿಲ್ಟರಿನಿಂದಲೂ ಬರುತ್ತದೆ. ಕೋಡ್ ನಿನ್ನನ್ನು ಬೀದಿಯವರೆಗೆ ಕರೆತರುತ್ತದೆ, ಮನೆ ಹುಡುಕುವ ಕೆಲಸ ನಿನ್ನದು.

ಈ ಮಾಡ್ಯೂಲ್ ಏನು ಮಾಡುತ್ತದೆ ಎಂಬುದು ತಲೆಯಲ್ಲಿ ಸ್ಪಷ್ಟವಾಗಿದ್ದರೆ ಅರ್ಧ ಕೆಲಸ ಹಗುರವಾಗುತ್ತದೆ. ಹಳೆಯ ಗಾಡಿಗಳಲ್ಲಿ ಒಂದು ರಿಲೇ ಇರುತ್ತಿತ್ತು. ಅದು ಕೂಡಿದರೆ ಪಂಪ್ ಯಾವಾಗಲೂ ಪೂರ್ತಿ ಜೋರಿನಲ್ಲಿ ತಿರುಗುತ್ತಿತ್ತು, ಹೆಚ್ಚಾದ ಇಂಧನ ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೆ ವಾಪಸು. ಈಗಿನ ಅನೇಕ ಗಾಡಿಗಳಲ್ಲಿ ಎಂಜಿನ್ ಕೇಳಿದಷ್ಟೇ ಕೊಡುವ ಏರ್ಪಾಡು. ಇಸಿಯು ಆದೇಶ ಕಳಿಸುತ್ತದೆ, ಮಾಡ್ಯೂಲ್ ಪಂಪಿಗೆ ಹೋಗುವ ಕರೆಂಟನ್ನು ಬಹು ವೇಗವಾಗಿ ಆನ್-ಆಫ್ ಮಾಡುತ್ತ ಅದರ ಜೋರನ್ನು ಹತೋಟಿಯಲ್ಲಿ ಇಡುತ್ತದೆ. ಐಡ್ಲಿಂಗಿನಲ್ಲಿ ಪಂಪ್ ಮೆಲ್ಲಗೆ, ಏರಿನಲ್ಲಿ ಜೋರಾಗಿ. ನಿನ್ನ ಗಾಡಿ ಏರಿನಲ್ಲೇ ಕೈಕೊಡುವುದಕ್ಕೂ ಇದಕ್ಕೂ ನಂಟಿದೆ: ಆಗಲೇ ಮಾಡ್ಯೂಲಿನ ಮೂಲಕ ಅತಿ ಹೆಚ್ಚು ಕರೆಂಟ್ ಹರಿಯುವುದು, ಆಗಲೇ ಅದು ಬಿಸಿಯಾಗುವುದು.

ಆದ್ದರಿಂದ ಮಾಡ್ಯೂಲಿಗೆ ಬ್ಯಾಟರಿಯಿಂದ ಕರೆಂಟ್ ಬೇಕು, ಒಳ್ಳೆಯ ಅರ್ತ್ ಬೇಕು, ಇಸಿಯುನಿಂದ ಆದೇಶ ಬೇಕು. ಈ ಮೂರೂ ಅದರ ಕಪ್ಲರಿನ ತನಕ ಸರಿಯಾಗಿ ಬಂದು, ಪಂಪಿನ ಕಡೆಗೆ ಮಾತ್ರ ಏನೂ ಹೊರಡದಿದ್ದರೆ ತಪ್ಪು ಮಾಡ್ಯೂಲಿನದು. ಅಲ್ಲಿಯತನಕ ಅದನ್ನು ದೂರಬೇಡ.

ಮೊದಲು ಕೀ ಆನ್ ಮಾಡಿ ಕಿವಿಗೊಡು. ಸೆಲ್ಫ್ ಹೊಡೆಯುವ ಮುಂಚೆಯೇ ಟ್ಯಾಂಕಿನ ಕಡೆಯಿಂದ ಸುಮಾರು ಎರಡು ಸೆಕೆಂಡು ಗುಂಯ್ ಎನ್ನುವ ಸದ್ದು ಬಹಳ ಗಾಡಿಗಳಲ್ಲಿ ಬರುತ್ತದೆ. ಫ್ಯೂಸು, ರಿಲೇ ನೋಡು. ಪ್ರೆಶರ್ ನೋಡು, ಸಾಮಾನ್ಯ ಪೋರ್ಟ್ ಇಂಜೆಕ್ಷನ್ (ಗಾಳಿ ಒಳಬರುವ ದಾರಿಯಲ್ಲೇ ಇಂಧನ ಚಿಮ್ಮಿಸುವ) ಗಾಡಿಗಳಲ್ಲಿ ಅದು 3ರಿಂದ 4 ಬಾರ್ ಆಸುಪಾಸು, ನಿನ್ನ ಗಾಡಿಯ ಅಂಕಿ ಸರ್ವಿಸ್ ಮ್ಯಾನ್ಯುಯಲ್‌ನಲ್ಲೇ ಸಿಗುತ್ತದೆ. ಗೇಜ್ ಕೂರಿಸುವ ಮುನ್ನ ಲೈನಿನ ಪ್ರೆಶರ್ ಇಳಿಸಿಕೋ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಚಿಮ್ಮಿದರೆ ಆಮೇಲೆ ಯೋಚಿಸಲು ಪುರುಸೊತ್ತು ಸಿಗುವುದಿಲ್ಲ. ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವಷ್ಟು ಹತ್ತಿರ ಇರಲಿ, ಗಾಡಿ ಎತ್ತಿದರೆ ಸ್ಟ್ಯಾಂಡ್ ಕೊಡದೆ ಕೆಳಗೆ ನುಗ್ಗಬೇಡ.

ಈಗ ಕಪ್ಲರ್. ಇಲ್ಲಿ ನಿಧಾನಿಸು. ಬಹಳ ಗಾಡಿಗಳಲ್ಲಿ ಈ ಮಾಡ್ಯೂಲ್ ಹಿಂಭಾಗದಲ್ಲಿ, ಟ್ಯಾಂಕಿನ ಹತ್ತಿರವೋ ಸ್ಟೆಪ್ನಿ ಮೇಲ್ಗಡೆಯೋ, ನೀರು ಕೆಸರು ಎರಚುವ ಜಾಗದಲ್ಲಿ ಕೂತಿರುತ್ತದೆ. ಲಾಕ್ ಒತ್ತಿ ಕಪ್ಲರ್ ಬಿಚ್ಚು, ಟಾರ್ಚ್ ಬೆಳಕಿನಲ್ಲಿ ಒಂದೊಂದೇ ಪಿನ್ನು ನೋಡು. ಹಸಿರು ಕಿಲುಬು ಕಟ್ಟಿದೆಯೋ? ರಬ್ಬರ್ ಸೀಲ್ ಜಾಗದಲ್ಲಿದೆಯೋ? ದಪ್ಪ ವೈರಿನ ಬುಡದಲ್ಲಿ ಪ್ಲಾಸ್ಟಿಕ್ ಕಂದಾಗಿ ಮೆತ್ತಗಾಗಿದ್ದರೆ ಅಲ್ಲಿ ಕಾಂಟ್ಯಾಕ್ಟ್ ಸಡಿಲಾಗಿ ಕಾದಿದೆ ಎಂದು ತಿಳಿ. ಅದೇ ಅಳತೆಯ ಒಂದು ಬಿಡಿ ಪಿನ್ನನ್ನು ಹೆಣ್ಣು ಟರ್ಮಿನಲ್ ಒಳಗೆ ತೂರಿಸಿ ಎಳೆದು ನೋಡು, ಬಿಗಿಯಾಗಿ ಹಿಡಿದು ಬಿಡಬೇಕು. ಸಲೀಸಾಗಿ ಜಾರಿ ಬಂದರೆ ಗಾಡಿಯ ರೋಗ ಅಲ್ಲೇ ಇರಬಹುದು. ದಯವಿಟ್ಟು ಮಲ್ಟಿಮೀಟರಿನ ದಪ್ಪ ಮುಳ್ಳನ್ನು ಮುಂದಿನಿಂದ ಚುಚ್ಚಬೇಡ, ಇದ್ದ ಬಿಗಿಯೂ ಹೋಗುತ್ತದೆ. ಹಿಂದಿನಿಂದ, ವೈರಿನ ಪಕ್ಕದಲ್ಲಿ ತೆಳು ಪಿನ್ ಇಳಿಸಿ ಅಳೆ.

ಅಳೆಯುವಾಗ ಕಪ್ಲರ್ ಹಾಕಿರಬೇಕು, ಪಂಪ್ ಓಡುತ್ತಿರಬೇಕು. ಕಪ್ಲರ್ ಬಿಚ್ಚಿಟ್ಟು 12 ವೋಲ್ಟ್ ನೋಡಿ ‘ಸಪ್ಲೈ ಸರಿಯಿದೆ’ ಅನ್ನುವವರನ್ನು ನಾನು ಗ್ಯಾರೇಜುಗಳಲ್ಲಿ ಕಂಡಷ್ಟು ಬೇರೆಲ್ಲೂ ಕಂಡಿಲ್ಲ. ವೈರಿನ ಒಂದೇ ಎಳೆ ಉಳಿದಿದ್ದರೂ ಮೀಟರ್ 12 ತೋರಿಸುತ್ತದೆ, ಏಕೆಂದರೆ ಮೀಟರ್ ಕರೆಂಟನ್ನೇ ಎಳೆಯುವುದಿಲ್ಲ. ಪಂಪ್ ಎಳೆಯಲು ಶುರುಮಾಡಿದಾಗ ಆ ಎಳೆಯ ಬಣ್ಣ ಬಯಲಾಗುತ್ತದೆ. ಮೀಟರಿನ ಒಂದು ತುದಿ ಬ್ಯಾಟರಿಯ ಪ್ಲಸ್ ಮೇಲೆ, ಇನ್ನೊಂದು ಮಾಡ್ಯೂಲಿನ ಸಪ್ಲೈ ಪಿನ್ನಿನ ಮೇಲೆ ಇಡು. ಆಮೇಲೆ ಬ್ಯಾಟರಿಯ ಮೈನಸ್‌ನಿಂದ ಮಾಡ್ಯೂಲಿನ ಅರ್ತ್ ಪಿನ್ನಿಗೆ. ಮೀಟರ್ ತೋರಿಸುವುದೇ ವೋಲ್ಟೇಜ್ ಡ್ರಾಪ್, ಅಂದರೆ ದಾರಿಯಲ್ಲಿ ಕಳೆದುಹೋದ ವೋಲ್ಟ್. ಅರ್ತ್ ಕಡೆ 0.1–0.2 ವೋಲ್ಟ್ ದಾಟಿ ಏರುತ್ತಿದ್ದರೆ ಬಾಡಿ ಅರ್ತ್ ಬೋಲ್ಟ್ ಬಿಚ್ಚಿ ತುಕ್ಕು ಉಜ್ಜು. ಎಷ್ಟೋ ‘ಹೋದ’ ಮಾಡ್ಯೂಲುಗಳು ಇಷ್ಟರಲ್ಲೇ ಜೀವ ಪಡೆಯುತ್ತವೆ.

ಆದೇಶದ ವೈರನ್ನು ನೋಡಲು ಆಸಿಲೋಸ್ಕೋಪ್ (ವೋಲ್ಟ್ ಏರಿಳಿಯುವುದನ್ನು ಗೆರೆಯಾಗಿ ತೋರಿಸುವ ಯಂತ್ರ) ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಡ್ಯೂಟಿ ಸೈಕಲ್ (ನೂರಕ್ಕೆ ಎಷ್ಟು ಪಾಲು ಹೊತ್ತು ಆನ್ ಇರುತ್ತದೆ ಎಂಬ ಲೆಕ್ಕ) ತೋರಿಸುವ ಮೀಟರ್. ಸಾದಾ ವೋಲ್ಟ್‌ನಲ್ಲಿ ನೋಡಿದರೆ ಸರಾಸರಿ ಮಾತ್ರ ಕಾಣುತ್ತದೆ, ಅದನ್ನು ನೋಡಿ ಗಾಬರಿಯಾಗಬೇಡ. ಕೆಲವು ಫೋರ್ಡ್ ಗಾಡಿಗಳಲ್ಲಿ ಇಸಿಯು ಕೊಟ್ಟ ಡ್ಯೂಟಿಯ ಎರಡರಷ್ಟನ್ನು ಮಾಡ್ಯೂಲ್ ಪಂಪಿಗೆ ಕೊಡುತ್ತದೆ, ಅಲ್ಲಿ ಶೇ. 25 ಆದೇಶ ಕಂಡರೆ ಪಂಪಿಗೆ ಹೋಗುವುದು ಶೇ. 50. ಆದೇಶ ಕ್ಯಾನ್ ಲೈನಿನಲ್ಲಿ (ಗಾಡಿಯ ಕಂಪ್ಯೂಟರುಗಳು ಪರಸ್ಪರ ಮಾತಾಡುವ ವೈರಿನಲ್ಲಿ) ಬರುವ ಗಾಡಿಯಾದರೆ ಸ್ಕ್ಯಾನರಿನಲ್ಲೇ ಕೇಳಿದ ಪ್ರೆಶರನ್ನೂ ಸಿಕ್ಕ ಪ್ರೆಶರನ್ನೂ ಅಕ್ಕಪಕ್ಕ ಇಟ್ಟು ನೋಡು.

ಇನ್ನು ನಾನು ಈ ಪತ್ರ ಬರೆಯಲು ಕೂತ ಮುಖ್ಯ ಕಾರಣ. ಪಂಪ್ ಎಷ್ಟು ಆಂಪಿಯರ್ ಎಳೆಯುತ್ತಿದೆ ಎಂದು ಡಿಸಿ ಕ್ಲ್ಯಾಂಪ್ ಮೀಟರ್ (ವೈರಿನ ಸುತ್ತ ಹಿಡಿದು ಕರೆಂಟ್ ಅಳೆಯುವ ಮೀಟರ್) ಹಾಕಿ ನೋಡದೆ ಹೊಸ ಮಾಡ್ಯೂಲ್ ಕೂರಿಸಬೇಡ. ಮುದಿಯಾದ ಪಂಪ್ ಬಿಗಿಯಾಗಿ ತಿರುಗುತ್ತಿದ್ದರೆ, ಇಲ್ಲವೇ ಪಂಪಿನಿಂದ ಎಂಜಿನ್ ಕಡೆಗೆ ಹೋಗುವ ದಾರಿಯ ಫಿಲ್ಟರ್ ಕಟ್ಟಿಕೊಂಡಿದ್ದರೆ, ಕರೆಂಟ್ ಏರುತ್ತದೆ. ಆ ಭಾರವನ್ನೆಲ್ಲ ಹೊರುವುದು ಮಾಡ್ಯೂಲಿನ ಒಳಗಿನ ಟ್ರಾನ್ಸಿಸ್ಟರ್. ಅದು ಕಾದು ಕಾದು ಒಂದು ದಿನ ಕೈಚೆಲ್ಲುತ್ತದೆ. ನೀನು ಮಾಡ್ಯೂಲ್ ಮಾತ್ರ ಬದಲಿಸಿದರೆ ಗಾಡಿ ಕೆಲವು ತಿಂಗಳು ಓಡಿ ಮತ್ತೆ ನಿಲ್ಲುತ್ತದೆ, ಗಿರಾಕಿ ಪಾರ್ಟು ಡೂಪ್ಲಿಕೇಟ್ ಎನ್ನುತ್ತಾನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಲೆಕ್ಕ. ಕರೆಂಟ್ ತೀರಾ ಕಡಿಮೆಯಿದ್ದು ಪ್ರೆಶರೂ ಬಿದ್ದಿದ್ದರೆ ಕಥೆ ಬೇರೆ: ಪಂಪ್ ಸವೆದಿದೆ, ಇಲ್ಲವೇ ಟ್ಯಾಂಕಿನೊಳಗೆ ಎಲ್ಲೋ ಸೋರುತ್ತಿದೆ.

ಪಂಪಿನ ಮೇಲೇ ಅನುಮಾನ ಬಂದರೆ ಅದರ ಕಪ್ಲರ್ ಬಿಚ್ಚಿ, ಆ ಜಾಗಕ್ಕೆ 55 ವಾಟಿನ ಹೆಡ್‌ಲೈಟ್ ಬಲ್ಬು ಕೊಡು. ಅದು ನಾಲ್ಕೂವರೆ ಆಂಪಿಯರ್ ಆಸುಪಾಸು ಎಳೆಯುತ್ತದೆ. ಸ್ಕ್ಯಾನರಿನಿಂದ ಪಂಪ್ ಓಡಿಸುವ ಆದೇಶ ಕೊಟ್ಟಾಗ ಬಲ್ಬು ಚೆನ್ನಾಗಿ ಉರಿದರೆ ಆ ಗಳಿಗೆಯಲ್ಲಿ ಮಾಡ್ಯೂಲ್ ಕರೆಂಟ್ ಕೊಡುತ್ತಿದೆ. ಬಲ್ಬನ್ನು ಟ್ಯಾಂಕಿನಿಂದ ದೂರಕ್ಕೆ ವೈರ್ ಎಳೆದು ಇಡು, ಅದು ಸುಡುವಷ್ಟು ಕಾಯುತ್ತದೆ. ಪಂಪಿಗೆ ಮೂರು ದಪ್ಪ ವೈರು ಹೋಗುತ್ತಿದ್ದರೆ ಅದು ಬ್ರಷ್ ಇಲ್ಲದ ಮೂರು ಫೇಸಿನ ಪಂಪು, ಅಲ್ಲಿ ಈ ಬಲ್ಬಿನ ಉಪಾಯ ನಡೆಯುವುದಿಲ್ಲ.

ನಿನ್ನದು ಬಿಸಿಯಲ್ಲಿ ಬರುವ ರೋಗ, ತಣ್ಣಗಿದ್ದಾಗ ಎಷ್ಟು ಅಳೆದರೂ ಎಲ್ಲ ಸರಿ ಎಂದೇ ತೋರಿಸುತ್ತದೆ. ಮೀಟರಿನ ವೈರುಗಳನ್ನು ಮೊದಲೇ ಕಟ್ಟಿ ಒಳಗೆ ಎಳೆದುಕೊಂಡು, ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು ಓಡಿಸು. ಗಾಡಿ ನಿಂತ ಗಳಿಗೆಯಲ್ಲೇ ಸಪ್ಲೈ, ಅರ್ತ್, ಆದೇಶ, ಔಟ್‌ಪುಟ್ ನಾಲ್ಕನ್ನೂ ಅವರು ಬರೆದುಕೊಳ್ಳಲಿ. ಬೇಗ ಆಗಲೆಂದು ಹೀಟ್ ಗನ್ನಿನಿಂದ ಮಾಡ್ಯೂಲ್ ಕಾಯಿಸುವವರಿದ್ದಾರೆ. ಟ್ಯಾಂಕಿನ ಪಕ್ಕದಲ್ಲಿ ಆ ಹುಚ್ಚು ಬೇಡ.

ಮಾಡ್ಯೂಲೇ ಎಂದು ಖಚಿತವಾದರೆ ಬದಲಿಸುವುದು ದೊಡ್ಡ ಕೆಲಸವಲ್ಲ. ಬ್ಯಾಟರಿಯ ಮೈನಸ್ ಬಿಚ್ಚು, ಕಪ್ಲರ್ ತೆಗೆ, ಬೋಲ್ಟ್ ತೆಗೆ. ಪಾರ್ಟ್ ನಂಬರನ್ನು ಕೊನೆಯ ಅಕ್ಷರದ ತನಕ ಹೊಂದಿಸಿ ನೋಡು, ನೋಡಲು ಒಂದೇ ಥರ ಇರುವುದನ್ನು ನಂಬಬೇಡ. ಹಳೆಯದು ಲೋಹದ ತಗಡಿಗೆ ಅಂಟಿ ಬಿಸಿ ಬಿಡುತ್ತಿತ್ತೋ, ಸ್ಪೇಸರ್ ಮೇಲೆ ಕೂತಿತ್ತೋ ಗಮನಿಸಿ ಹಾಗೆಯೇ ಕೂರಿಸು. 2004–08ರ ಫೋರ್ಡ್ ಎಫ್-150ಯಲ್ಲಿ ಮಾಡ್ಯೂಲಿನ ಅಲ್ಯೂಮಿನಿಯಂ ಬೆನ್ನು ಉಕ್ಕಿನ ಚಾಸಿಗೆ ತಾಗಿ ತಿಂದುಹೋಗಿ ಒಳಗೆ ನೀರು ಇಳಿಯುತ್ತಿತ್ತು. ಅದಕ್ಕೆ ಬದಲಿ ಮಾಡ್ಯೂಲಿನ ಜೊತೆ ಚಾಸಿಯಿಂದ ಎತ್ತರಿಸಿ ಕೂರಿಸುವ ಸ್ಪೇಸರ್ ಕೊಡುತ್ತಾರೆ. ಅದನ್ನು ಬೇಡದ ಸಾಮಾನು ಎಂದು ಎಸೆದರೆ ಹೊಸದಕ್ಕೂ ಅದೇ ಗತಿ. ಕೆಲವು ಗಾಡಿಗಳಲ್ಲಿ ಕೂರಿಸಿದೊಡನೆ ಓಡುತ್ತದೆ, ಕೆಲವಕ್ಕೆ ಪ್ರೋಗ್ರಾಮಿಂಗ್ ಬೇಕು. ಬೇಕಾದರೆ ಚಾರ್ಜರ್ ಹಾಕಿಟ್ಟೇ ಶುರುಮಾಡು, ನಡುವೆ ವೋಲ್ಟೇಜ್ ಇಳಿದರೆ ಹೊಸ ಮಾಡ್ಯೂಲ್ ಅಲ್ಲೇ ಕೆಟ್ಟು ಕೂರುತ್ತದೆ.

ಪಾರ್ಟ್ ಬರುವುದು ತಡವಾದರೆ ಗಿರಾಕಿ ‘ಡೈರೆಕ್ಟ್ ಕೊಟ್ಟುಬಿಡಿ’ ಎನ್ನುತ್ತಾನೆ, ಅಂದರೆ ಮಾಡ್ಯೂಲ್ ಬಿಟ್ಟು ಪಂಪಿಗೆ ನೇರ ಬ್ಯಾಟರಿಯ ಕರೆಂಟ್. ಪರೀಕ್ಷೆಗೆ ಅರೆಗಳಿಗೆ ಡೈರೆಕ್ಟ್ ಕೊಡುವುದು ಬೇರೆ, ಹಾಗೇ ರಸ್ತೆಗೆ ಬಿಡುವುದು ಬೇರೆ. ಎಂಜಿನ್ ನಿಂತರೆ, ಅಪಘಾತವಾದರೆ ಪಂಪನ್ನು ನಿಲ್ಲಿಸುವ ವ್ಯವಸ್ಥೆ ಅಲ್ಲಿಗೆ ಕಟ್ಟಾಗುತ್ತದೆ. ಒಡೆದ ಪೈಪಿಗೆ ಪಂಪ್ ಪೆಟ್ರೋಲ್ ಹೊಯ್ಯುತ್ತಲೇ ಇರುತ್ತದೆ. ಎಷ್ಟೇ ಬೇಕಾದವರು ಕೇಳಿದರೂ ಒಪ್ಪಬೇಡ.

ಕೆಲಸ ಮುಗಿದ ಮೇಲೆ ಕೋಡ್ ಅಳಿಸಿ, ಕೀಯನ್ನು ಕೆಲವು ಸಲ ಆನ್-ಆಫ್ ಮಾಡಿ ಪ್ರೆಶರ್ ಕಟ್ಟಿಸಿ, ಗೇಜ್ ಹಾಕಿದ್ದ ಕಡೆ ಸೋರಿಕೆ ನೋಡು. ಆಮೇಲೆ ಗಾಡಿ ಮೊದಲು ನಿಲ್ಲುತ್ತಿದ್ದ ಅದೇ ಏರಿಗೆ, ಅಷ್ಟೇ ಬಿಸಿಯಾದ ಮೇಲೆ ಒಯ್ಯಿ. ಸದ್ಯಕ್ಕೆ ಆರ್ಡರ್ ಹಾಕಬೇಡ. ಪಂಪಿನ ಆಂಪಿಯರ್, ಎರಡೂ ಕಡೆಯ ವೋಲ್ಟೇಜ್ ಡ್ರಾಪ್, ನಿಂತ ಗಳಿಗೆಯ ಆದೇಶದ ಡ್ಯೂಟಿ, ಇಷ್ಟನ್ನು ಬರೆದು ಕಳಿಸು. ಕಪ್ಲರಿನ ಫೋಟೋವನ್ನೂ ಹತ್ತಿರದಿಂದ ತೆಗೆದು ಹಾಕು. ನೋಡಿ ಹೇಳುತ್ತೇನೆ.

ಇಂತಿ ನಿನ್ನ ಪ್ರೀತಿಯ,
ದೊಡ್ಡಪ್ಪ