ಚಾಲನಾ ಪಾಠಗಳ ಗುಣಮಟ್ಟವನ್ನೂ ಪರೀಕ್ಷಿಸಬೇಕು

ಮಾನ್ಯ ಸಂಪಾದಕರೇ,

ಲೈಸೆನ್ಸ್ ಕೈಗೆ ಬಂದು ಒಂದೆರಡು ವರ್ಷ ಕಾರು ಓಡಿಸಿದವರು ಘಾಟಿಯಲ್ಲಿ, ರಾತ್ರಿಯ ಹೆದ್ದಾರಿಯಲ್ಲಿ, ಜಡಿಮಳೆಯಲ್ಲಿ ಸುರಕ್ಷಿತವಾಗಿ ಓಡಿಸುವುದನ್ನು ಕಲಿಯಬೇಕೆಂದು ಮತ್ತೆ ಡ್ರೈವಿಂಗ್ ಸ್ಕೂಲಿನ ಬಾಗಿಲಿಗೆ ಬರುತ್ತಿರುವುದು ಒಳ್ಳೆಯ ಬೆಳವಣಿಗೆ. ಆದರೆ ಅವರಿಗೆ ಉನ್ನತ ಚಾಲನೆಯನ್ನು ಹೇಳಿಕೊಡಲು ನಮ್ಮಂಥ ಬೋಧಕರು ಬಳಸುವ ಪುಸ್ತಕ, ಚಾರ್ಟ್ ಮತ್ತು ವಿಡಿಯೊಗಳಲ್ಲಿ ಯಾವುದು ಸರಿ, ಯಾವುದು ಹಳತಾಗಿದೆ, ಯಾವುದು ಅಪಾಯಕ್ಕೆ ದಾರಿ ಮಾಡುತ್ತದೆ ಎಂದು ಪರಿಶೀಲಿಸಿ ಹೇಳುವ ವ್ಯವಸ್ಥೆ ಕನ್ನಡದ ಮಟ್ಟಿಗೆ ನನ್ನ ಕಣ್ಣಿಗೆ ಬಿದ್ದಿಲ್ಲ. ಸಾರಿಗೆ ಇಲಾಖೆ ಈ ಕೆಲಸವನ್ನು ಕೈಗೆತ್ತಿಕೊಳ್ಳಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ.

ಕೇಂದ್ರ ಮೋಟಾರು ವಾಹನಗಳ ನಿಯಮಾವಳಿ, 1989ರ 24ನೇ ನಿಯಮವು ಡ್ರೈವಿಂಗ್ ಸ್ಕೂಲಿನಲ್ಲಿ ಏನೇನಿರಬೇಕೆಂದು ವಿವರವಾಗಿ ಹೇಳುತ್ತದೆ. ಕಪ್ಪುಹಲಗೆ, ಸಂಚಾರ ಚಿಹ್ನೆಗಳ ಚಾರ್ಟ್, ಪೊಲೀಸರ ಕೈಸನ್ನೆಗಳ ಚಾರ್ಟ್, ಬ್ರೇಕ್ ಶೂ, ಜಾಕ್, ಟೈರಿನ ಗಾಳಿ ನೋಡುವ ಗೇಜ್, ಚಾಲನೆ ಮತ್ತು ರಸ್ತೆ ಸುರಕ್ಷತೆಯ ಪುಸ್ತಕಗಳು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಎಲ್ಲವೂ ಆ ಪಟ್ಟಿಯಲ್ಲಿವೆ. ಬೋಧಕನಾದವನು ಹತ್ತನೇ ತರಗತಿ ಪಾಸಾಗಿರಬೇಕು, ಐದು ವರ್ಷ ವಾಹನ ಓಡಿಸಿದ ಅನುಭವವಿರಬೇಕು, ಮೋಟಾರು ಮೆಕ್ಯಾನಿಕ್ ತರಬೇತಿಯ ಪ್ರಮಾಣಪತ್ರ ಪಡೆದಿರಬೇಕು. ತಪಾಸಣೆಗೆ ಬರುವವರು ಪುಸ್ತಕ ಇದೆಯೇ ಎಂದು ನೋಡುತ್ತಾರೆ. ಪುಸ್ತಕದಲ್ಲಿ ಏನಿದೆ ಎಂದು ನೋಡಬೇಕಾದ ಹೊಣೆ ಯಾರ ಮೇಲೂ ಇಲ್ಲ. 2021ರ ಜುಲೈ 1ರಿಂದ ಜಾರಿಗೆ ಬಂದ ಮಾನ್ಯತೆ ಪಡೆದ ತರಬೇತಿ ಕೇಂದ್ರಗಳ ನಿಯಮಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಸಿಮ್ಯುಲೇಟರ್ (ಪರದೆಯ ಮುಂದೆ ಕೂತು ಚಾಲನೆ ಅಭ್ಯಾಸ ಮಾಡುವ ಯಂತ್ರ), ಸ್ವಂತ ಟೆಸ್ಟ್ ಟ್ರ್ಯಾಕ್, ಲಘು ವಾಹನಕ್ಕೆ ನಾಲ್ಕು ವಾರಗಳೊಳಗೆ 29 ಗಂಟೆಗಳ ತರಬೇತಿ ಎಂದೆಲ್ಲ ವಿಧಿಸಿವೆ. ಅಲ್ಲಿಯೂ ಗಂಟೆಯ ಲೆಕ್ಕವಿರುವಷ್ಟು ಸ್ಪಷ್ಟವಾಗಿ ಪಾಠದ ಗುಣಮಟ್ಟದ ಲೆಕ್ಕವಿಲ್ಲ.

ಇದರಿಂದ ಆಗುವ ತೊಂದರೆ ಏನೆಂಬುದಕ್ಕೆ ಬ್ರೇಕಿನ ವಿಷಯವೊಂದೇ ಸಾಕು. ಬಸ್ ನಿಲ್ದಾಣದ ಪುಸ್ತಕದಂಗಡಿಯಲ್ಲಿ ಸಿಗುವ ಡ್ರೈವಿಂಗ್ ಗೈಡುಗಳಲ್ಲಿ, ಒದ್ದೆ ರಸ್ತೆಯಲ್ಲಿ ಬ್ರೇಕನ್ನು ಬಿಟ್ಟು ಬಿಟ್ಟು ಒತ್ತಬೇಕೆಂಬ ಸಲಹೆ ಇಂದಿಗೂ ಅಚ್ಚಾಗುತ್ತಿದೆ. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರಗಳು ಉರುಳದೆ ಕಚ್ಚಿಕೊಂಡು ಜಾರದಂತೆ ತಡೆಯುವ ವ್ಯವಸ್ಥೆ) ಇಲ್ಲದ ಹಳೆಯ ಕಾರಿಗೆ ಅದು ಸರಿಯಾದ ಮಾತು. ಆದರೆ 2019ರ ಏಪ್ರಿಲ್‌ನಿಂದ ನಮ್ಮಲ್ಲಿ ಮಾರಾಟವಾಗುವ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯವಾಗಿದೆ. ಅಂಥ ಕಾರಿನಲ್ಲಿ ತುರ್ತಾಗಿ ನಿಲ್ಲಿಸಬೇಕಾದಾಗ ಪೆಡಲನ್ನು ಪೂರ್ತಿ ಬಲದಿಂದ ಒತ್ತಿ ಹಿಡಿದು, ಕಾಲು ತೆಗೆಯದೆ, ಅಡ್ಡ ಬಂದದ್ದನ್ನು ತಪ್ಪಿಸಲು ಸ್ಟೀರಿಂಗ್ ತಿರುಗಿಸಬೇಕು. ಚಕ್ರಗಳು ಕಚ್ಚಿಕೊಳ್ಳದಂತೆ ನೋಡಿಕೊಳ್ಳುವ ಕೆಲಸವನ್ನು ಯಂತ್ರವೇ ಮಾಡುತ್ತದೆ. ಆ ಹೊತ್ತಿಗೆ ಪೆಡಲ್ ಪಾದದಡಿಯಲ್ಲಿ ಕಟಕಟನೆ ಅದುರುತ್ತದೆ. ಇದನ್ನು ಮೊದಲೇ ತಿಳಿಯದ ಚಾಲಕ ಏನೋ ಕೆಟ್ಟಿತೆಂದು ಗಾಬರಿಗೊಂಡು ಕಾಲು ಎತ್ತಿಬಿಡುತ್ತಾನೆ, ಒತ್ತಲೇಬೇಕಾದ ಕ್ಷಣದಲ್ಲಿಯೇ ಬ್ರೇಕ್ ಕೈತಪ್ಪುತ್ತದೆ. ಒಳ್ಳೆಯ ಪಠ್ಯವಾದರೆ ಎರಡೂ ಬಗೆಯ ವಾಹನಗಳ ವ್ಯತ್ಯಾಸವನ್ನು ಹೇಳಿ, ಖಾಲಿ ಮೈದಾನದಲ್ಲಿ ವಿದ್ಯಾರ್ಥಿಯ ಕಾಲಿಗೆ ಆ ಅದುರುವಿಕೆಯನ್ನು ಒಮ್ಮೆಯಾದರೂ ಪರಿಚಯಿಸುವಂತೆ ಬೋಧಕನಿಗೆ ಸೂಚಿಸಬೇಕು. ಕಾನೂನಿನ ಭಾಗದ್ದೂ ಇದೇ ಕಥೆ: ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ನಂತರವೂ ಕುಡಿದು ಓಡಿಸಿದರೆ 2,000 ರೂಪಾಯಿ ದಂಡ ಎಂದು ಹೇಳುವ ಗೈಡನ್ನು ವಿದ್ಯಾರ್ಥಿಗಳು ನನ್ನ ಮುಂದೆ ತೆರೆದಿಟ್ಟದ್ದುಂಟು. ಈಗಿನ ದಂಡ ಮೊದಲ ಬಾರಿಯ ತಪ್ಪಿಗೇ 10,000 ರೂಪಾಯಿ.

ಇನ್ನು ನಮ್ಮ ರಸ್ತೆಗಳ ವಿಷಯ. ಶಿರಾಡಿ, ಚಾರ್ಮಾಡಿ, ಹುಲಿಕಲ್ ಘಾಟಿಗಳಲ್ಲಿ ಓಡಿಸುವವರಿಗೆ ಹೊರದೇಶದ ಹಿಮದ ರಸ್ತೆಯ ಪಾಠ ಬೇಕಿಲ್ಲ. ಇಳಿಜಾರಿನುದ್ದಕ್ಕೂ ಬ್ರೇಕ್ ಮೇಲೆಯೇ ಕಾಲಿಟ್ಟರೆ ಬ್ರೇಕ್ ಕಾದು ಹಿಡಿತ ಕಳೆದುಕೊಳ್ಳುತ್ತದೆ, ಆದ್ದರಿಂದ ಇಳಿಯುವ ಮೊದಲೇ ಎರಡನೇ ಗೇರಿಗೆ ಬಂದು ಎಂಜಿನ್ನಿನ ತಡೆಯಲ್ಲಿಯೇ ವೇಗವನ್ನು ಹಿಡಿದಿಡಬೇಕು, ಎಣ್ಣೆ ಉಳಿಸುವ ಆಸೆಗೆ ನ್ಯೂಟ್ರಲ್ ಮಾಡಲೇಬಾರದು, ಇಕ್ಕಟ್ಟಿನಲ್ಲಿ ಇಳಿದು ಬರುವವರು ಏರಿ ಬರುವ ವಾಹನಕ್ಕೆ ದಾರಿ ಬಿಡಬೇಕು ಎಂಬುದನ್ನು ಕಾರಣ ಸಹಿತ ವಿವರಿಸುವ ಪಾಠ ಬೇಕು. ನಾನು ನೋಡಿದ ಹಲವು ವಿಡಿಯೊಗಳು ಆಗುಂಬೆಯ 14 ತಿರುವುಗಳನ್ನು ಸೊಗಸಾಗಿ ತೋರಿಸುತ್ತವೆ, ಆದರೆ ತಿರುವಿಗೆ ಮುನ್ನ ಚಾಲಕನ ಕಣ್ಣು ಎಲ್ಲಿತ್ತು ಎಂಬುದನ್ನು ಹೇಳುವುದಿಲ್ಲ. ಮಂಜು ಕವಿದಾಗ ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಓಡಿಸಿ ಎಂದು ಬೋಧಿಸುವ ವಿಡಿಯೊ ಕೂಡ ಇದೆ. ಹಾಗೆ ಮಾಡಿದರೆ ಹಿಂದಿನವರಿಗೆ ಮುಂದಿನ ವಾಹನ ನಿಂತಿದೆಯೋ, ಚಲಿಸುತ್ತಿದೆಯೋ, ಯಾವ ಕಡೆ ತಿರುಗುತ್ತದೆಯೋ ತಿಳಿಯುವುದಿಲ್ಲ.

ಬಯಲುಸೀಮೆಗೆ ಬಂದರೆ ಕಬ್ಬು ಕಡಿಯುವ ಕಾಲದಲ್ಲಿ ಹಿಂಬದಿಗೆ ದೀಪವಾಗಲಿ ರಿಫ್ಲೆಕ್ಟರ್ ಆಗಲಿ ಇಲ್ಲದೆ ಸಾಗುವ ಟ್ರ್ಯಾಕ್ಟರ್ ಟ್ರೇಲರ್‌ಗಳು, ಬಣ್ಣ ಬಳಿಯದ ಹಂಪುಗಳು, ಸುಗ್ಗಿಯಲ್ಲಿ ಒಕ್ಕಣೆಗೆಂದು ಡಾಂಬರಿನ ಮೇಲೆ ಹರಡಿದ ರಾಗಿ, ಹುರುಳಿ ಎದುರಾಗುತ್ತವೆ. ಹುರುಳಿ ಬಳ್ಳಿ ಕಾರಿನ ತಳಕ್ಕೆ ಸುತ್ತಿಕೊಂಡು, ಸೈಲೆನ್ಸರಿನ ಕಾವಿಗೆ ಬೆಂಕಿ ಹತ್ತುವ ಅಪಾಯವನ್ನು ನಮ್ಮ ನೆಲದ ಅನುಭವವಿಲ್ಲದವರು ಬರೆದ ಪಠ್ಯದಲ್ಲಿ ನಿರೀಕ್ಷಿಸಲಾಗದು.

ಪರಿಶೀಲನೆಯ ಅಳತೆಗೋಲು ಯಾವುದಿರಬೇಕು ಎಂಬುದರ ಬಗ್ಗೆ ಎಚ್ಚರ ಅಗತ್ಯ. ಸ್ಟೀರಿಂಗ್ ಚಾತುರ್ಯವನ್ನು, ಜಾರುವ ವಾಹನವನ್ನು ಹತೋಟಿಗೆ ತರುವ ಕಸರತ್ತನ್ನು ಕಲಿಸುವ ಪಾಠಗಳೇ ಉನ್ನತ ಚಾಲನೆ ಎಂಬ ನಂಬಿಕೆ ನಮ್ಮ ವೃತ್ತಿಯಲ್ಲಿ ಬಲವಾಗಿದೆ. ನಾರ್ವೆಯಲ್ಲಿ ಹೊಸ ಚಾಲಕರಿಗೆ ಇಂಥ ತರಬೇತಿಯನ್ನು ಕಡ್ಡಾಯ ಮಾಡಿ ನೋಡಿದಾಗ ಯುವಕರ ಅಪಘಾತಗಳು ಇಳಿಯುವ ಬದಲು ಏರಿದವೆಂದು ಅಲ್ಲಿನ ಅಧ್ಯಯನ ತೋರಿಸಿತು. ಕಲಿತದ್ದಕ್ಕಿಂತ ಹೆಚ್ಚು ಆತ್ಮವಿಶ್ವಾಸ ಬೆಳೆದದ್ದು ಅದಕ್ಕೆ ಕಾರಣವೆಂದು ತಜ್ಞರು ವಿವರಿಸಿದ್ದಾರೆ. ಲೈಸೆನ್ಸ್ ಪಡೆದವರಿಗೆ ನೀಡುವ ತರಬೇತಿಯ ಬಗ್ಗೆ ನಡೆದ ಪ್ರಯೋಗಗಳನ್ನು ಒಟ್ಟುಗೂಡಿಸಿ 2003ರಲ್ಲಿ ಪ್ರಕಟವಾದ, ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಶೋಧನಾ ಜಾಲದ ಸಮೀಕ್ಷೆಗೂ, ಅದರಿಂದ ಅಪಘಾತದ ಗಾಯಗಳು ತಗ್ಗಿದವೆಂಬುದಕ್ಕೆ ಪುರಾವೆ ಸಿಗಲಿಲ್ಲ. ನನ್ನ ವೃತ್ತಿಗೆ ಹಿತವಾದ ಮಾತಲ್ಲವಾದರೂ, ಪಾಠ ಹೇಳುವವರು ಇದನ್ನು ಕಡೆಗಣಿಸಿ ಮುಂದೆ ಹೋಗುವಂತಿಲ್ಲ.

ಹಾಗಾಗಿ ಯಾವುದೇ ಪುಸ್ತಕ ಅಥವಾ ವಿಡಿಯೊವನ್ನು ಅಳೆಯುವಾಗ, ಅದು ಕೈಕಾಲಿಗಿಂತ ಕಣ್ಣಿಗೆ ಏನು ಕಲಿಸುತ್ತದೆ ಎಂಬುದನ್ನು ಮೊದಲು ನೋಡಬೇಕೆಂಬುದು ನನ್ನ ದೃಢ ಅಭಿಪ್ರಾಯ. ಬ್ರಿಟನ್ನಿನಲ್ಲಿ 2002ರಿಂದ ಚಾಲನಾ ಪರೀಕ್ಷೆಯಲ್ಲಿ ರಸ್ತೆಯ ವಿಡಿಯೊ ತೋರಿಸಿ, ಅಪಾಯ ಒದಗಿ ಬರುವುದನ್ನು ಅಭ್ಯರ್ಥಿ ಎಷ್ಟು ಬೇಗ ಗುರುತಿಸುತ್ತಾನೆಂದು ನೋಡುವ ಪದ್ಧತಿ ಇದೆ. ಅಲ್ಲಿನ ಉನ್ನತ ತರಬೇತಿಯಲ್ಲಿ, ಕಂಡದ್ದನ್ನು ಮತ್ತು ಅದಕ್ಕೆ ತಾನು ಏನು ಮಾಡಲಿದ್ದೇನೆಂಬುದನ್ನು ಚಾಲಕ ಬಾಯಿಬಿಟ್ಟು ಹೇಳುತ್ತಾ ಓಡಿಸುವ ಅಭ್ಯಾಸವೂ ಉಂಟು. “ಮುಂದೆ ನಿಂತ ಬಸ್ಸಿನಡಿಯಲ್ಲಿ ಕಾಲುಗಳು ಕಾಣುತ್ತಿವೆ, ಯಾರೋ ದಾಟಬಹುದು, ಆಕ್ಸಿಲರೇಟರ್ ಬಿಡುತ್ತಿದ್ದೇನೆ” ಎಂದು ವಿದ್ಯಾರ್ಥಿ ಕನ್ನಡದಲ್ಲಿ ಹೇಳತೊಡಗಿದರೆ, ಅವನ ಗಮನ ಎಲ್ಲಿದೆ, ಎಲ್ಲಿಲ್ಲ ಎಂಬುದು ಪಕ್ಕದಲ್ಲಿ ಕೂತ ಬೋಧಕನಿಗೆ ಹತ್ತೇ ನಿಮಿಷದಲ್ಲಿ ಗೊತ್ತಾಗುತ್ತದೆ. ಇದಕ್ಕೆ ದುಬಾರಿ ಸಿಮ್ಯುಲೇಟರ್ ಬೇಕಾಗಿಲ್ಲ. ಆದರೆ ಎಲ್ಲಿ ಪ್ರಶ್ನೆ ಕೇಳಬೇಕು, ಎಲ್ಲಿ ಸುಮ್ಮನಿರಬೇಕು ಎಂದು ತಿಳಿಸುವ ಬೋಧಕರ ಕೈಪಿಡಿ ಬೇಕು. ವಿದ್ಯಾರ್ಥಿಯ ಗೈಡನ್ನೇ ಬೋಧಕನೂ ಓದಿಕೊಂಡು ಕಲಿಸುವ ಈಗಿನ ಸ್ಥಿತಿ ಬದಲಾಗದೆ ಉಳಿದದ್ದು ಸುಧಾರಿಸದು.

ಸಾರಿಗೆ ಇಲಾಖೆಯು ಕೆಎಸ್‌ಆರ್‌ಟಿಸಿಯ ತರಬೇತಿ ಕೇಂದ್ರಗಳ ಹಿರಿಯ ಬೋಧಕರು, ಸಂಚಾರ ಪೊಲೀಸರು, ಖಾಸಗಿ ಡ್ರೈವಿಂಗ್ ಸ್ಕೂಲಿನವರು ಮತ್ತು ಹೊಸದಾಗಿ ಕಲಿತ ಕೆಲವರನ್ನು ಸೇರಿಸಿ ಒಂದು ಸಮಿತಿ ರಚಿಸಲಿ. ಚಾಲ್ತಿಯಲ್ಲಿರುವ ಕನ್ನಡ ಪುಸ್ತಕ, ವಿಡಿಯೊಗಳನ್ನು ಅದು ಓದಿ ನೋಡುವುದಷ್ಟೇ ಅಲ್ಲ, ಒಂದು ತಂಡಕ್ಕೆ ಪಾಠ ಮಾಡಿಸಿ, ಪಾಠದ ಮುಂಚೆ ಮತ್ತು ಕೆಲವು ತಿಂಗಳ ನಂತರ ಅವರ ಚಾಲನೆಯನ್ನು ಹೋಲಿಸಿ ತೀರ್ಪು ಕೊಡಲಿ. ಒಪ್ಪಿಗೆ ಸಿಕ್ಕ ಪಠ್ಯದ ಮೇಲೆ ಪರಿಶೀಲಿಸಿದ ವರ್ಷ ಅಚ್ಚಾಗಲಿ, ನಿಯಮ ತಿದ್ದುಪಡಿಯಾದೊಡನೆ ಮರುಪರಿಶೀಲನೆ ನಡೆಯಲಿ. ಪಟ್ಟಿಯನ್ನು ಪ್ರತಿ ಆರ್‌ಟಿಒ ಕಚೇರಿಯ ಫಲಕದಲ್ಲಿ ಹಾಕಿದರೆ ಹಣ ಕೊಟ್ಟು ಕಲಿಯಲು ಬರುವವರಿಗೂ ಕೇಳುವ ಹಕ್ಕು ಬರುತ್ತದೆ. ಅಂಥ ಪ್ರಯೋಗ ಆರಂಭವಾದರೆ ನಮ್ಮ ಶಾಲೆಯ ಚಾರ್ಟ್, ಪುಸ್ತಕಗಳನ್ನು ಪರಿಶೀಲನೆಗೆ ಒಪ್ಪಿಸಲು ಮತ್ತು ಬೋಧಕನ ಕಾಲಿಗೂ ಪೆಡಲ್ ಇರುವ ನಮ್ಮ ಎರಡೂ ಕಾರುಗಳನ್ನು ಒದಗಿಸಲು ನಾನು ಸಿದ್ಧನಿದ್ದೇನೆ.

ಇತಿ,
ಡ್ರೈವಿಂಗ್ ಸ್ಕೂಲ್ ಬೋಧಕ,
ಸಕಲೇಶಪುರ